ಹುಲಿಯ ಪಾಲಿಗೆ ಉಳಿಯುವುದೆಷ್ಟು? ಕಾಡು, ಕೆರೆ, ಕಡಲಿನ ಊಟದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಮಾಡಿದ ಪಾಠಕ್ಕಿಂತ ಕೇಳಿಸಿಕೊಂಡ ಪ್ರಶ್ನೆಗಳೇ ನನಗೆ ಜಾಸ್ತಿ ನೆನಪಿವೆ. ಕೆಲವನ್ನು ಮಕ್ಕಳು ಕೇಳಿದರು. ಕೆಲವನ್ನು ಅವರ ಅಪ್ಪಂದಿರು ಟೀ ಅಂಗಡಿಯಲ್ಲಿ ಕೇಳಿದರು. ಇನ್ನು ಕೆಲವು ಕಾಗದದಲ್ಲಿ ಬಂದವು. ಕೇಳಿದವರ ಮಾತಲ್ಲೇ ಇಲ್ಲಿಟ್ಟಿದ್ದೇನೆ, ಸುಲಭದ್ದು ಮೊದಲು.

## ಬುಡದಿಂದ ಶುರು

ಹುಲಿ ಒಂದು ಎಲೇನೂ ತಿನ್ನಲ್ಲ. ಅದಕ್ಕೂ ಸೂರ್ಯನಿಂದಲೇ ಶಕ್ತಿ ಅಂತೀರಲ್ಲ, ಹೇಗೆ ಸಾರ್?

ಹುಲಿ ತಿನ್ನುವುದಿಲ್ಲ, ನಿಜ. ಆದರೆ ಅದು ತಿಂದ ಕಡವೆ ಹುಟ್ಟಿದಾಗಿನಿಂದ ಹುಲ್ಲು ಸೊಪ್ಪು ತಿಂದೇ ಬೆಳೆದದ್ದು. ಎಲೆ ಮಾಡುವ ಕೆಲಸ ಇಷ್ಟು: ಗಾಳಿಯಿಂದ ಇಂಗಾಲದ ಡೈಆಕ್ಸೈಡ್, ಬೇರಿನಿಂದ ನೀರು ತೆಗೆದುಕೊಂಡು, ಬಿಸಿಲಿನ ಬಲದಿಂದ ಎರಡನ್ನೂ ಸೇರಿಸಿ ಸಕ್ಕರೆ ಮಾಡುತ್ತದೆ. ಬಿಸಿಲು ಆ ಸಕ್ಕರೆಯೊಳಗೆ ಕೂತುಬಿಡುತ್ತದೆ. ಅದರಲ್ಲಿ ಒಂದಷ್ಟು ಕಡವೆಯ ಮೈಯಲ್ಲಿ ಮಾಂಸ, ಕೊಬ್ಬು ಆಗುತ್ತದೆ. ಹುಲಿ ಅದನ್ನು ಅರಗಿಸಿಕೊಂಡಾಗ ಒಳಗಿದ್ದ ಬಿಸಿಲು ಬಿಚ್ಚಿಕೊಳ್ಳುತ್ತದೆ.

ಬಿದ್ದ ಬಿಸಿಲಿನಲ್ಲಿ ಗಿಡ ಹಿಡಿದುಕೊಳ್ಳುವುದು ಎಷ್ಟು ಗೊತ್ತಾ? ವರ್ಷದ ಲೆಕ್ಕ ಹಾಕಿದರೆ ನೂರಕ್ಕೆ ಒಂದು ಪಾಲಿನ ಆಸುಪಾಸು. ಆನೆ, ಕಾಟಿ, ಗೆದ್ದಲು, ಹುಲಿ, ನಾವು ಎಲ್ಲರೂ ಊಟ ಮಾಡುವುದು ಆ ಒಂದು ಪಾಲಿನಲ್ಲೇ.

ಗಿಡಕ್ಕೆ ಊಟ ಅಂದ್ರೆ ಗೊಬ್ಬರ ತಾನೇ? ಬಿಸಿಲು ಹೆಂಗೆ ಊಟ ಆಗುತ್ತೆ?

ರೈತರು ಇದನ್ನು ಕೇಳಿದಾಗಲೆಲ್ಲ ನಾನು ಹುಣಸೆ ಮರದ ಕಡೆ ಕೈ ತೋರಿಸುತ್ತಿದ್ದೆ. ಅದರ ನೆರಳಿನಲ್ಲಿ ರಾಗಿ ಹಾಕಿ, ಗಾಡಿಗಟ್ಟಲೆ ಗೊಬ್ಬರ ಸುರಿಯಿರಿ. ಸರಿಯಾಗಿ ತೆನೆ ಕಟ್ಟುವುದಿಲ್ಲ. ಗೊಬ್ಬರದಲ್ಲಿರುವ ಸಾರಜನಕ, ರಂಜಕ, ಪೊಟ್ಯಾಷ್ ಮನೆ ಕಟ್ಟುವ ಇಟ್ಟಿಗೆ ಗಾರೆ ಇದ್ದ ಹಾಗೆ. ಕಟ್ಟುವ ಕೂಲಿಯಾಳು ಮಾತ್ರ ಬಿಸಿಲು.

ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ಮುಂದಿನ ಎಲ್ಲ ಉತ್ತರಗಳೂ ಇದರ ಮೇಲೇ ನಿಂತಿವೆ. ಗೊಬ್ಬರದ ಸಾರ ಸುತ್ತು ಹಾಕುತ್ತದೆ: ಸಗಣಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ, ಹೊಲದ ಹುಲ್ಲು ಮತ್ತೆ ಕೊಟ್ಟಿಗೆಗೆ. ಬಿಸಿಲಿನ ಶಕ್ತಿ ಹಾಗೆ ಸುತ್ತುವುದಿಲ್ಲ. ಒಂದು ಕಡೆಯಿಂದ ಬರುತ್ತದೆ, ದಾರಿಯುದ್ದಕ್ಕೂ ಸೋರುತ್ತದೆ, ಹೋಗಿಬಿಡುತ್ತದೆ. ನಾಳೆಗೆ ನಾಳೆಯ ಬಿಸಿಲೇ ಬೇಕು.

ಪುಸ್ತಕದಲ್ಲಿ ಬಾಣದ ಗುರುತು ಹುಲ್ಲಿಂದ ಜಿಂಕೆ ಕಡೆಗಿದೆ. ತಿನ್ನೋದು ಜಿಂಕೆ ಅಲ್ವಾ? ಉಲ್ಟಾ ಹಾಕಿದ್ದಾರಾ?

ಸರಿಯಾಗೇ ಹಾಕಿದ್ದಾರೆ. ಬಾಣ ಹೇಳುವುದು ಯಾರು ಯಾರನ್ನು ತಿಂದರು ಅಂತಲ್ಲ, ಶಕ್ತಿ ಯಾವ ಕಡೆ ಹೋಯಿತು ಅಂತ. ಪರೀಕ್ಷೆಯಲ್ಲಿ ಇದಕ್ಕೇ ಅರ್ಧ ಕ್ಲಾಸು ಅಂಕ ಕಳೆದುಕೊಳ್ಳುತ್ತಿತ್ತು.

ಆಹಾರ ಸರಪಳಿ, ಆಹಾರ ಜಾಲ ಎರಡೂ ಒಂದೇ ಅಲ್ವಾ? ಯಾಕೆ ಎರಡು ಹೆಸರು?

ಸರಪಳಿ ಅನ್ನುವುದು ಪಾಠಕ್ಕೆ ಬೇಕಾಗಿ ಎಳೆದ ಗೆರೆ. ಕಾಡಿನಲ್ಲಿ ಇರುವುದು ಜಾಲವೇ. ನಾಗರಹೊಳೆಯಲ್ಲಿ ಒಂದು ಚುಕ್ಕೆ ಜಿಂಕೆ ಹುಲಿಗೂ ಸಿಗಬಹುದು, ಚಿರತೆಗೂ ಸಿಗಬಹುದು, ಸೀಳುನಾಯಿಗಳಿಗೂ ಸಿಗಬಹುದು. ಹುಲಿಗೆ ಕಾಟಿ, ಕಡವೆಯಂಥ ದೊಡ್ಡ ಮೈಯ ಪ್ರಾಣಿಗಳ ಮೇಲೆ ಕಣ್ಣು. ಚಿರತೆ, ಸೀಳುನಾಯಿ ಸಾಮಾನ್ಯವಾಗಿ ಅದಕ್ಕಿಂತ ಸಣ್ಣದನ್ನು ಹಿಡಿಯುತ್ತವೆ. ಮೂವರೂ ಒಂದೇ ಕಾಡಲ್ಲಿ ಬಾಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಕರಡಿಯನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ? ಹಣ್ಣು ತಿಂದಾಗ ಜಿಂಕೆಯ ಸಾಲು. ಹುತ್ತ ಬಗೆದು ಗೆದ್ದಲು ತಿಂದಾಗ ಬೇಟೆಗಾರರ ಸಾಲು. ನಾವೂ ಅಷ್ಟೇ. ಬೆಳಗ್ಗೆ ಇಡ್ಲಿ ತಿನ್ನುವಾಗ ಒಂದು ಮೆಟ್ಟಿಲು, ಮಧ್ಯಾಹ್ನ ಮೀನು ಸಾರು ಉಣ್ಣುವಾಗ ಇನ್ನೆರಡು ಮೆಟ್ಟಿಲು ಮೇಲೆ.

## ಹತ್ತು ಪರ್ಸೆಂಟ್ ಲೆಕ್ಕ

ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹತ್ತು ಪರ್ಸೆಂಟ್ ಮಾತ್ರ ಹೋಗುತ್ತೆ ಅಂತಾರೆ. ಉಳಿದ ತೊಂಬತ್ತು ಎಲ್ಲಿಗೆ ಹೋಯ್ತು? ಯಾರು ತಿಂದ್ರು?

ನಾಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಣೆಕಟ್ಟೆಯಿಂದ ಬಿಟ್ಟ ನೀರೆಲ್ಲ ಕೊನೆ ಭಾಗದ ರೈತನಿಗೆ ಬರುತ್ತದಾ? ದಾರಿಯಲ್ಲೇ ಇಂಗುತ್ತದೆ, ಆರುತ್ತದೆ, ಮೇಲಿನವರು ಎತ್ತಿಕೊಳ್ಳುತ್ತಾರೆ. ಹುಲಿ ಅಂದರೆ ಕೊನೆ ಭಾಗದ ರೈತ.

ಸೋರಿಕೆ ಮೂರು ಕಡೆ ಆಗುತ್ತದೆ. ಒಂದು, ಕಾಡಲ್ಲಿ ಬೆಳೆದದ್ದನ್ನೆಲ್ಲ ಯಾರೂ ತಿನ್ನುವುದಿಲ್ಲ. ಮುಳ್ಳು, ತೊಗಟೆ, ಬೇರು, ಕಹಿ ಸೊಪ್ಪು ಹಾಗೇ ಉಳಿಯುತ್ತವೆ. ಎರಡು, ತಿಂದದ್ದೆಲ್ಲ ಅರಗುವುದಿಲ್ಲ. ಬೆಳೆದ ಆನೆ ದಿನಕ್ಕೆ ಸುಮಾರು 150 ಕೆಜಿ ಮೇವು ತಿಂದರೂ ಅರ್ಧಕ್ಕಿಂತ ಜಾಸ್ತಿ ಲದ್ದಿಯಾಗಿ ಹೊರಗೆ ಬರುತ್ತದೆ. ಅದನ್ನು ಒಡೆದು ನೋಡಿ, ನಾರು ನಾರಾಗಿ ಹುಲ್ಲು ಕಾಣುತ್ತದೆ.

ಮೂರನೆಯದೇ ದೊಡ್ಡ ಸೋರಿಕೆ, ಬಿಸಿ. ಚಳಿಗಾಲದ ಬೆಳಗ್ಗೆ ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಮುಟ್ಟಿ ನೋಡಿ. ಆ ಬೆಚ್ಚಗೆ ಅನ್ನುವುದು ನಿನ್ನೆ ತಿಂದ ಹುಲ್ಲು. ಉಸಿರಾಡುವುದು, ನಡೆಯುವುದು, ಹೃದಯ ಬಡಿಯುವುದು, ಮೈ ಕಾಯಿಸಿಕೊಳ್ಳುವುದು, ಎಲ್ಲದರ ಖರ್ಚೂ ಕೊನೆಗೆ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹಸು, ಜಿಂಕೆ, ಹುಲಿಯಂಥ ಬಿಸಿ ರಕ್ತದ ಪ್ರಾಣಿಗಳು ಅರಗಿಸಿಕೊಂಡದ್ದರಲ್ಲಿ ಹೊಸ ಮಾಂಸವಾಗಿ ಉಳಿಯುವುದು ನೂರಕ್ಕೆ ಒಂದರಿಂದ ಮೂರು ಪಾಲು ಅಷ್ಟೇ. ಮುಂದಿನ ಬಾಯಿಗೆ ಸಿಗುವುದು ಆ ಪಾಲು ಮಾತ್ರ.

ಸರಿಯಾಗಿ ಹತ್ತೇ ಅಂತ ಯಾರು ಅಳೆದ್ರು?

ಯಾರೂ ಅಳೆದಿಲ್ಲ! ಅಮೆರಿಕದ ಮಿನ್ನೆಸೋಟದಲ್ಲಿ ಸೀಡರ್ ಬಾಗ್ ಅಂತ ಒಂದು ಸಣ್ಣ ಕೆರೆ ಇದೆ. ರೇಮಂಡ್ ಲಿಂಡೆಮನ್ ಎಂಬ ಯುವಕ ವರ್ಷಗಟ್ಟಲೆ ಅದರ ಪಾಚಿ, ಹುಳು, ಮೀನುಗಳ ಲೆಕ್ಕ ಬರೆದ. ಹಸಿರು ತಿನ್ನುವವರಿಗೆ ದಾಟಿದ್ದು ನೂರಕ್ಕೆ 13.3, ಅವರನ್ನು ತಿನ್ನುವವರಿಗೆ 22.3 ಅಂತ ಅವನಿಗೆ ಸಿಕ್ಕಿತು. ಎರಡರಲ್ಲೂ ಹತ್ತು ಇಲ್ಲ, ನೋಡಿ. ಆಮೇಲೆ ಬೇರೆ ಬೇರೆ ಕಡೆ ಅಳೆದಾಗ ಎರಡೋ ಮೂರೋ ಬಂದದ್ದೂ ಇದೆ, ಇಪ್ಪತ್ತು ದಾಟಿದ್ದೂ ಇದೆ. ಲೆಕ್ಕಕ್ಕೆ ಸುಲಭ ಅಂತ ಹತ್ತು ಪಾಠಪುಸ್ತಕಕ್ಕೆ ಬಂದು ಕೂತಿತು.

ಲಿಂಡೆಮನ್‌ನ ಲೇಖನವನ್ನು ಪತ್ರಿಕೆ ಮೊದಲು ಬೇಡ ಅಂದಿತ್ತು. ಅವನ ಹಿರಿಯರಾದ ಹಚಿನ್‌ಸನ್ ಪಟ್ಟು ಹಿಡಿದ ಮೇಲೆ 1942ರಲ್ಲಿ ಅಚ್ಚಾಯಿತು. ಅದನ್ನು ನೋಡಲು ಲಿಂಡೆಮನ್ ಇರಲಿಲ್ಲ. ಆ ವರ್ಷವೇ ಕಾಯಿಲೆಯಿಂದ ತೀರಿಕೊಂಡಿದ್ದ. ಆಗ ಅವನಿಗೆ 26 ವರ್ಷ.

ಒಂದು ಹುಲಿ ಸಾಕೋಕೆ ಎಷ್ಟು ಜಿಂಕೆ ಬೇಕು?

ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳ ಅಧ್ಯಯನ ಮಾಡಿದ ಉಲ್ಲಾಸ ಕಾರಂತರು ಹೇಳುವ ಲೆಕ್ಕ ನೆನಪಿಡಲು ಸುಲಭ. ಒಂದು ಹುಲಿ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು 50 ಪ್ರಾಣಿ ಹೊಡೆಯುತ್ತದೆ. ಹಾಗಾದರೆ 50 ಜಿಂಕೆ ಇದ್ದರೆ ಸಾಕಾ? ಸಾಲದು. ವರ್ಷ ಮುಗಿಯುವಷ್ಟರಲ್ಲಿ ಹಿಂಡೂ ಮುಗಿಯುತ್ತದೆ. ಹುಲಿ ಬಡ್ಡಿ ತಿನ್ನಬೇಕು, ಅಸಲು ಮುಟ್ಟಬಾರದು. ವರ್ಷಕ್ಕೆ ಹತ್ತರಲ್ಲಿ ಒಂದರಷ್ಟು ತಿಂದರೆ ಹಿಂಡು ತಾಳಿಕೊಳ್ಳುತ್ತದೆ. ಅಂದರೆ ಒಂದು ಹುಲಿಯ ಬೆನ್ನಿಗೆ 500 ಪ್ರಾಣಿಗಳು ಇರಬೇಕು.

ಕಳ್ಳಬೇಟೆ ಅಂದರೆ ಜನ ಹುಲಿ ಕೊಲ್ಲುವುದನ್ನಷ್ಟೇ ನೆನೆಸಿಕೊಳ್ಳುತ್ತಾರೆ. ಉರುಳು ಹಾಕಿ ಜಿಂಕೆ, ಕಡವೆ ಹಿಡಿಯುವುದೂ ಹುಲಿಯ ತಟ್ಟೆಗೇ ಕೈ ಹಾಕಿದಂತೆ. ಮರಗಳೆಲ್ಲ ಹಾಗೇ ನಿಂತಿದ್ದೂ ಹುಲಿ ಇಲ್ಲದ ಕಾಡುಗಳಲ್ಲಿ ಆಗಿರುವುದು ಎಷ್ಟೋ ಸಲ ಇದೇ.

ಹುಲಿಯನ್ನು ತಿನ್ನೋ ಪ್ರಾಣಿ ಯಾಕಿಲ್ಲ?

ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಪ್ರಶ್ನೆ. ಮೇಲಿನ ಲೆಕ್ಕವನ್ನೇ ಒಂದು ಮೆಟ್ಟಿಲು ಏರಿಸಿ. ಹುಲಿಯನ್ನೇ ತಿಂದು ಬದುಕುವ ಪ್ರಾಣಿ ಒಂದಿದ್ದರೆ ಅದಕ್ಕೆ ಸುಮಾರು 500 ಹುಲಿ ಬೇಕು. 2022ರ ಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಸಿಕ್ಕಿದ್ದು 563 ಹುಲಿ. ರಾಜ್ಯದ ಹುಲಿಗಳೆಲ್ಲ ಸೇರಿ ಅಂಥ ಒಂದೇ ಒಂದು ಪ್ರಾಣಿಯನ್ನು ಸಾಕಬೇಕಾಗುತ್ತಿತ್ತು. ಅದಕ್ಕೆ ಜೋಡಿ ಹುಡುಕಲು ಪಾಪ, ಮಧ್ಯಪ್ರದೇಶಕ್ಕೆ ಹೋಗಬೇಕು.

ಹುಲಿಯನ್ನು ತಿನ್ನುವವರು ಇಲ್ಲವೇ ಇಲ್ಲ ಅಂತಲ್ಲ. ಉಣ್ಣೆ ಹುಳು ಇದೆ, ಹೊಟ್ಟೆಯ ಜಂತು ಇದೆ. ಸಣ್ಣ ಮೈ, ಸಣ್ಣ ಖರ್ಚು. ಅವಕ್ಕೆ ಆ ಮೆಟ್ಟಿಲಿನಲ್ಲೂ ಗಿಟ್ಟುತ್ತದೆ.

ರಂಗನತಿಟ್ಟಿನಲ್ಲಿ ಮೊಸಳೆ ಬಂಡೆ ಮೇಲೆ ಸುಮ್ನೆ ಬಿದ್ದಿರುತ್ತೆ. ಊಟ ಯಾವಾಗ ಮಾಡುತ್ತೆ?

ಬಂಡೆಯ ಮೇಲೆ ಬಿದ್ದಿರುವುದೂ ಅದಕ್ಕೆ ಕೆಲಸವೇ. ಹುಲಿ ಮೈ ಬಿಸಿ ಇಟ್ಟುಕೊಳ್ಳಲು ಊಟ ಸುಡಬೇಕು. ಮೊಸಳೆ ಬಿಸಿಲಿಗೆ ಮೈಯೊಡ್ಡಿ ಆ ಬಿಸಿಯನ್ನು ಪುಕ್ಕಟೆ ಪಡೆಯುತ್ತದೆ. ಅದಕ್ಕೇ ವಾರಗಟ್ಟಲೆ ಉಪವಾಸ ಇರಬಲ್ಲದು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಮೊಸಳೆ ಇರಲು ಸಾಧ್ಯವಾಗಿರುವುದೂ ಇದರಿಂದಲೇ. ಅಷ್ಟು ಹುಲಿಗಳನ್ನು ಅಲ್ಲಿ ಬಿಟ್ಟರೆ ಒಂದು ವಾರ ನಡೆಯದು.

## ಸತ್ತ ಮೇಲಿನ ಊಟ

ಕಾಡಲ್ಲಿ ಇಷ್ಟೊಂದು ಹಸಿರಿದೆ. ಎಲ್ಲವನ್ನೂ ಜಿಂಕೆ ಆನೆ ತಿಂದು ಮುಗಿಸಲ್ಲ ಅಂದ್ರೆ ಯಾರು ತಿಂತಾರೆ?

ನನಗೆ ಬಹಳ ಇಷ್ಟವಾದ ಪ್ರಶ್ನೆ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಕಾಡಿನಲ್ಲಿ ಬೆಳೆಯುವ ಸೊಪ್ಪು ಸೌದೆಯಲ್ಲಿ ಹಸಿಯಾಗಿ ತಿನ್ನಿಸಿಕೊಳ್ಳುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲೂ ಅಲ್ಲ. ಉಳಿದದ್ದೆಲ್ಲ ಉದುರಿ, ಒಣಗಿ, ತರಗಾಗಿ ನೆಲಕ್ಕೆ ಬೀಳುತ್ತದೆ. ಆನೆ ಹುಲಿ ನಮ್ಮ ಕಣ್ಣಿಗೆ ಕಾಣುವ ಕಾಡು. ಶಕ್ತಿಯ ದೊಡ್ಡ ಹೊಳೆ ಹರಿಯುವುದು ಮಾತ್ರ ತರಗೆಲೆಯ ಅಡಿಯಲ್ಲಿ.

ಅಲ್ಲಿನ ಯಜಮಾನ ಗೆದ್ದಲು. ನಮ್ಮ ಕಡೆ ದೊಡ್ಡ ಹುತ್ತ ಕಟ್ಟುವ ಗೆದ್ದಲಿಗೆ ಒಣ ಕಡ್ಡಿಯನ್ನು ಸ್ವಂತವಾಗಿ ಪೂರ್ತಿ ಅರಗಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಅದು ವ್ಯವಸಾಯಕ್ಕಿಳಿದಿದೆ. ಅಗಿದ ಕಡ್ಡಿಯನ್ನು ಹುತ್ತದೊಳಗೆ ಪೇರಿಸಿ, ಅದರ ಮೇಲೆ ಬೂಷ್ಟು ಬೆಳೆಸಿ, ಆ ಬೂಷ್ಟು ಹದ ಮಾಡಿಕೊಟ್ಟದ್ದನ್ನು ತಿನ್ನುತ್ತದೆ. ಮಳೆ ಬಿದ್ದ ಮೇಲೆ ಹುತ್ತದ ಬುಡದಲ್ಲಿ ಏಳುವ ಅಣಬೆ ಇದೆಯಲ್ಲ, ಬೆಳಗ್ಗೆ ಬೇಗ ಎದ್ದವರು ಬುಟ್ಟಿಯಲ್ಲಿ ತರುವುದು, ಅದು ಇದೇ ಗೆದ್ದಲಿನ ತೋಟದ ಬೆಳೆ. ನಾವು ಸಾರು ಮಾಡಿ ಉಂಡಾಗ ಹೋದ ವರ್ಷದ ತರಗೆಲೆಯನ್ನೇ ಉಂಡ ಹಾಗಾಯಿತು.

ಅದೇ ಹೊತ್ತಿಗೆ ರೆಕ್ಕೆ ಗೆದ್ದಲು ಏಳುತ್ತವೆ. ಕಪ್ಪೆ, ಹಲ್ಲಿ, ಕಾಜಾಣ, ಮೈನಾ, ಊರ ಕೋಳಿ ಎಲ್ಲಕ್ಕೂ ಆವತ್ತು ಹಬ್ಬ. ಹುರಿದು ತಿನ್ನುವ ಊರುಗಳೂ ಇವೆ. ನೆಲದಡಿಯ ಶಕ್ತಿ ಒಂದೇ ಸಂಜೆಯಲ್ಲಿ ಹೀಗೆ ಮೇಲಿನ ಜಾಲಕ್ಕೆ ಬಂದು ಸೇರುತ್ತದೆ.

ಲಂಟಾನ ಹಚ್ಚಗೇ ಇದೆಯಲ್ಲ, ಅದೂ ಹಸಿರೇ. ಪ್ರಾಣಿಗಳಿಗೆ ಮೇವು ಕಮ್ಮಿ ಅಂತ ಯಾಕೆ ಗೋಳು?

ಲಂಟಾನ ಬಿಸಿಲು ಹಿಡಿಯುತ್ತದೆ, ಆದರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಸೊಪ್ಪಿನಲ್ಲಿ ವಿಷ ಇದೆ, ಜಿಂಕೆ ಮುಟ್ಟುವುದಿಲ್ಲ. ತಿಂದ ದನಕ್ಕೆ ಕಾಮಾಲೆ ಬರುತ್ತದೆ. ಹಣ್ಣನ್ನು ಹಕ್ಕಿ ತಿನ್ನುತ್ತದೆ, ಬೀಜ ಇನ್ನಷ್ಟು ದೂರ ಹೋಗುತ್ತದೆ. ಅದರ ನೆರಳಲ್ಲಿ ಹುಲ್ಲು ಏಳುವುದಿಲ್ಲ. ಹುಲ್ಲಿಗೆ ಬೀಳಬೇಕಾದ ಬಿಸಿಲು ಬಾಗಿಲು ಹಾಕಿದ ಅಂಗಡಿಗೆ ಹೋದಂತಾಯಿತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಶುರುವಿನಲ್ಲೇ ನೆಲದ ಕಸಕ್ಕೆ ಸಣ್ಣಗೆ ‘ತರಗು ಬೆಂಕಿ’ ಕೊಡುತ್ತಿದ್ದರು. ಅದು ನಿಂತ ಮೇಲೇ ಲಂಟಾನ ಏರಿತು ಅನ್ನುತ್ತಾರೆ. ಪೂರ್ತಿ ಕಾರಣ ಅದೊಂದೇ ಅಲ್ಲದಿರಬಹುದು. ಆದರೆ ಕಾಡಲ್ಲೇ ಹುಟ್ಟಿ ಬೆಳೆದವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ರಣಹದ್ದು ಇಲ್ಲದಿದ್ರೆ ಏನಾಯ್ತು? ಸತ್ತ ದನ ಹೆಂಗೂ ಕೊಳೆಯುತ್ತಲ್ಲ?

ಕೊಳೆಯುತ್ತದೆ. ಯಾರ ಹೊಟ್ಟೆ ಸೇರುತ್ತದೆ ಅನ್ನುವುದೇ ಪ್ರಶ್ನೆ. ಒಂದು ಹಸು ಸತ್ತರೆ ನೂರಾರು ಕೆಜಿ ಊಟ ಒಂದೇ ಕಡೆ ಬಿದ್ದಂತೆ. ರಣಹದ್ದಿನ ಹಿಂಡು ಕೆಲವೇ ಗಂಟೆಗಳಲ್ಲಿ ಮೂಳೆ ಮಾತ್ರ ಉಳಿಸುತ್ತಿತ್ತು. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕೊಟ್ಟ ದನದ ಮಾಂಸ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ದನಗಳಿಗೆ ಆ ಔಷಧಿ ನಿಷೇಧವಾಗುವ ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ಬಹುಪಾಲು ಹೋಗಿಯಾಗಿತ್ತು. ಆ ಊಟ ಬೀದಿ ನಾಯಿಗಳ ಪಾಲಾಯಿತು, ನಾಯಿಗಳು ಹೆಚ್ಚಿದವು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದರು. ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

## ನೀರಿನ ಲೆಕ್ಕ

ಬೂತಾಯಿ ಅಷ್ಟು ಅಗ್ಗ, ಅಂಜಲ್ ಮುಟ್ಟೋ ಹಾಗಿಲ್ಲ. ಯಾಕೆ?

ರುಚಿಯ ಮಾತು ಬಿಡಿ. ಬೂತಾಯಿ ಸಾರು ಅಂಜಲಿಗೇನೂ ಕಮ್ಮಿ ಇಲ್ಲ. ದರದ ಹಿಂದೆ ಮೆಟ್ಟಿಲಿನ ಲೆಕ್ಕವೂ ಇದೆ. ಮುಂಗಾರಿನಲ್ಲಿ ನಮ್ಮ ಕರಾವಳಿಯುದ್ದಕ್ಕೂ ಆಳದ ತಣ್ಣನೆ ನೀರು ಮೇಲೇಳುತ್ತದೆ, ಜೊತೆಗೆ ತಳದ ಗೊಬ್ಬರವನ್ನೂ ತರುತ್ತದೆ. ಕಣ್ಣಿಗೆ ಕಾಣದ ಪಾಚಿ ಒಂದೇ ಸಮನೆ ಬೆಳೆಯುತ್ತದೆ. ಬೂತಾಯಿ ಬಾಯಿ ತೆರೆದು ಈಜುತ್ತಾ ಆ ಪಾಚಿಯನ್ನೇ ಸೋಸಿ ತಿನ್ನುತ್ತದೆ. ಬಿಸಿಲು, ಪಾಚಿ, ಮೀನು, ಅಷ್ಟೇ. ನಾಲೆಯ ಮೊದಲನೇ ತೂಬಿನಲ್ಲೇ ಗದ್ದೆ ಇದ್ದ ಹಾಗೆ. ಅಂಜಲ್ ಆ ಬೂತಾಯಿಯಂಥ ಮೀನನ್ನು ತಿಂದು ಬೆಳೆಯುತ್ತದೆ, ಒಂದೆರಡು ಮೆಟ್ಟಿಲು ಮೇಲೆ. ಅದಕ್ಕೇ ಕಡಲಲ್ಲೂ ಕಡಿಮೆ, ಮಾರ್ಕೆಟ್ಟಲ್ಲೂ ಕಡಿಮೆ.

ದಾರಿ ಚಿಕ್ಕದಾದರೆ ತೊಂದರೆಯೂ ಬೇಗ ಮುಟ್ಟುತ್ತದೆ. ಕಡಲು ಬಿಸಿಯಾಗಿ ಪಾಚಿ ಕೈಕೊಟ್ಟ ವರ್ಷ ಬೂತಾಯಿಯೂ ಕೈಕೊಡುತ್ತದೆ. ಇನ್ನು ಹಿಡಿದ ಬೂತಾಯಿಯಲ್ಲಿ ದೊಡ್ಡ ಪಾಲು ಮೀನಿನ ಹುಡಿ, ಎಣ್ಣೆ ಮಾಡುವ ಕಾರ್ಖಾನೆಗೆ ಹೋಗಿ, ಸಿಗಡಿ ಕೋಳಿಗಳಿಗೆ ಮೇವಾಗುತ್ತದೆ. ನೇರ ತಟ್ಟೆಗೆ ಬರಬಹುದಾದ ಊಟವನ್ನು ಇನ್ನೊಂದು ಮೆಟ್ಟಿಲು ಹತ್ತಿಸಿ ಸೋರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಕಡಲಲ್ಲಿ ಪಾಚಿ ತೂಕಕ್ಕಿಂತ ಅದನ್ನು ತಿನ್ನೋರ ತೂಕವೇ ಜಾಸ್ತಿ ಇರಬಹುದು ಅಂತ ಓದಿದೆ. ಪಿರಮಿಡ್ ತಲೆಕೆಳಗಾಯ್ತಲ್ಲ?

ಗಿಡದ ಮೆಟ್ಟಿಲು ಬುಡದಲ್ಲಿ ಅಗಲವಾಗಿ, ತಿನ್ನುವವರ ಮೆಟ್ಟಿಲು ಮೇಲೆ ಹೋದಂತೆ ಕಿರಿದಾಗಿ ಬರೆದ ಚಿತ್ರವೇ ಪಿರಮಿಡ್. ತೂಕದ ಪಿರಮಿಡ್ ತಲೆಕೆಳಗಾಗಬಹುದು, ಶಕ್ತಿಯದ್ದು ಆಗುವುದಿಲ್ಲ. ದೋಸೆ ಹೋಟೆಲ್ಲಿನ ಕಾವಲಿ ನೆನೆಸಿಕೊಳ್ಳಿ. ಯಾವ ಗಳಿಗೆಯಲ್ಲಿ ನೋಡಿದರೂ ಅದರ ಮೇಲೆ ಎಂಟು ದೋಸೆ. ಆದರೆ ಬೆಳಗ್ಗೆ ಮುಗಿಯುವಷ್ಟರಲ್ಲಿ ಇನ್ನೂರು ಜನ ಉಂಡು ಹೋಗಿರುತ್ತಾರೆ. ಕಡಲ ಪಾಚಿ ದಿನವೊಂದೆರಡರಲ್ಲಿ ಇಮ್ಮಡಿಯಾಗುತ್ತದೆ, ಆದ ಹಾಗೇ ತಿನ್ನಿಸಿಕೊಳ್ಳುತ್ತದೆ. ಫೋಟೋ ತೆಗೆದರೆ ಸ್ವಲ್ಪವೇ ಕಾಣುತ್ತದೆ.

ಕೊಳಚೆ ನೀರು ಕೆರೆಗೆ ಗೊಬ್ಬರ ಆದ್ರೆ ಮೀನು ಜಾಸ್ತಿ ಆಗಬೇಕಿತ್ತು. ಸಾಯೋದ್ಯಾಕೆ?

ಸ್ವಲ್ಪ ಗೊಬ್ಬರಕ್ಕೆ ಮೀನು ಹೆಚ್ಚುತ್ತದೆ, ಹಳ್ಳಿ ಕೆರೆಯಲ್ಲಿ ನೋಡಿದ್ದೇವೆ. ಮಿತಿ ಮೀರಿದರೆ ಪಾಚಿ ತಿನ್ನುವವರಿಗೂ ಮೀರಿ ಬೆಳೆದು, ಸತ್ತು, ತಳ ಸೇರುತ್ತದೆ. ಆಗ ಊಟ ಮೀನಿನ ದಾರಿ ಬಿಟ್ಟು ಬ್ಯಾಕ್ಟೀರಿಯಾದ ದಾರಿ ಹಿಡಿಯುತ್ತದೆ. ಅವು ಕೊಳೆಸುವಾಗ ನೀರಿನ ಆಮ್ಲಜನಕ ಖಾಲಿ ಮಾಡುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕವನ್ನೇ ಎಳೆಯುತ್ತದೆ. ಅದಕ್ಕೇ ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಾಯಿ ಬಿಡುವುದು. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದಾಗಲೂ ಆಮ್ಲಜನಕ ಇಳಿದದ್ದೇ ಮುಖ್ಯ ಕಾರಣ ಅಂದರು.

## ಸ್ವಲ್ಪ ತಲೆ ಕೆರೆಯುವಂಥವು

ಶಕ್ತಿ ನಾಶ ಆಗಲ್ಲ ಅಂತ ನೀವೇ ಪಾಠ ಮಾಡಿದ್ರಿ. ಈಗ ಸೋರಿ ಹೋಯ್ತು ಅಂತೀರಿ.

ಎರಡೂ ನಿಜ. ಲೋಟದಲ್ಲಿ ಬಿಸಿ ಕಾಫಿ ಇಟ್ಟು ಮರೆತರೆ ಆರುತ್ತದೆ. ಆ ಬಿಸಿ ಎಲ್ಲೂ ಮಾಯವಾಗಿಲ್ಲ, ಕೋಣೆಯ ಗಾಳಿಗೆ ಹಂಚಿಹೋಗಿದೆ. ಅದನ್ನು ಗೋರಿ ತಂದು ಮತ್ತೆ ಕಾಫಿ ಕಾಯಿಸಿ ನೋಡೋಣ? ಜಿಂಕೆಯ ಮೈಯಿಂದ ಹೋದ ಬಿಸಿಯನ್ನು ಯಾವ ಎಲೆಯೂ ಹಿಡಿದು ಸಕ್ಕರೆ ಮಾಡಲಾರದು. ಎಲೆಗೆ ಬೇಕಾದ್ದು ಬೆಳಕು, ಬಿಸಿ ಅಲ್ಲ.

ಶಕ್ತಿ ಮೇಲೆ ಹೋದಂಗೆ ಕಮ್ಮಿ ಆಗುತ್ತೆ, ವಿಷ ಮಾತ್ರ ಜಾಸ್ತಿ ಆಗೋದು ಯಾಕೆ?

ಊಟ ಮೈಯಲ್ಲಿ ಉರಿದುಹೋಗುತ್ತದೆ. ಪಾದರಸ, ಡಿಡಿಟಿಯಂಥವು ಉರಿಯುವುದೂ ಇಲ್ಲ, ಸುಲಭಕ್ಕೆ ಹೊರಗೂ ಹೋಗುವುದಿಲ್ಲ. ಹತ್ತು ಕೆಜಿ ಸಣ್ಣ ಮೀನು ತಿಂದು ದೊಡ್ಡ ಮೀನು ಒಂದು ಕೆಜಿ ಬೆಳೆದರೆ, ಆ ಹತ್ತು ಕೆಜಿಯ ವಿಷದಲ್ಲಿ ಬಹುಪಾಲು ಒಂದು ಕೆಜಿಯೊಳಗೇ ಕೂತಿತು. ಗರ್ಭಿಣಿಯರು ಶಾರ್ಕ್‌ನಂಥ ದೊಡ್ಡ ಬೇಟೆ ಮೀನು ಬಿಟ್ಟು ಸಣ್ಣ ಮೀನು ತಿನ್ನಲಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಹತ್ತಕ್ಕೆ ಒಂದು ಅಂತೀರಿ. ನಮ್ಮ ಫಾರಂ ಕೋಳಿ ಎರಡು ಕೆಜಿ ಫೀಡ್ ಒಳಗೇ ಒಂದು ಕೆಜಿ ಬರುತ್ತೆ. ನಿಮ್ಮ ಲೆಕ್ಕ ತಪ್ಪಲ್ವಾ?

ಕೋಳಿ ಸಾಕುವವರೊಬ್ಬರು ಇದನ್ನು ಕೇಳಿ ನನ್ನನ್ನು ಒಂದು ದಿನ ಸುಮ್ಮನಾಗಿಸಿದ್ದರು. ತೂಕ ಬೇರೆ, ಶಕ್ತಿ ಬೇರೆ. ಫೀಡ್ ಒಣ ಸರಕು. ಕೋಳಿಯ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ಫೀಡ್ ಅಂದರೆ ಜೋಳ, ಸೋಯಾ. ಗಿಡದ ಬೇರು, ದಂಟು, ಎಲೆ ಆಗಲೇ ಲೆಕ್ಕದಿಂದ ಹೊರಗೆ. ಮರಿಗೆ ಬಲ್ಬು ಹಾಕಿ ಬಿಸಿ ಕೊಡುವುದು ಕರೆಂಟು. ಅದು ಓಡುವ ಹಾಗಿಲ್ಲ, ನರಿಗೆ ಹೆದರುವ ಹಾಗಿಲ್ಲ, ಸುಮಾರು ನಲವತ್ತು ದಿನಕ್ಕೆ ಆಯುಸ್ಸೇ ಮುಗಿಯಿತು. ಬೆಳೆಯುವ ವಯಸ್ಸಿನಲ್ಲೇ ಕೊಯ್ದರೆ ಉಸಿರಿನ ಖರ್ಚು ಉಳಿಯುತ್ತದೆ. ಕಾಡು ಕೋಳಿಗೆ ಈ ಸೌಕರ್ಯ ಯಾವುದೂ ಇಲ್ಲ.

ಇದೇ ಉಸಿರಿಗೆ ಮಾಂಸವೆಲ್ಲ ದಂಡ ಅನ್ನುವವರಿಗೂ ಒಂದು ಮಾತು. ರಾಗಿ ಹುಲ್ಲನ್ನು ನಾವು ತಿನ್ನಲಾರೆವು. ಹಸು ಅದನ್ನು ಹಾಲು ಮಾಡುತ್ತದೆ, ಬೇಲಿಯ ಸೊಪ್ಪನ್ನು ಮೇಕೆ ಮಾಂಸ ಮಾಡುತ್ತದೆ. ಅಲ್ಲಿ ಹತ್ತರಲ್ಲಿ ಒಂದು ಬಂದರೂ ಲಾಭವೇ. ಮನುಷ್ಯರು ತಿನ್ನಬಹುದಾದ ಜೋಳವನ್ನು ಹಾಕುವಾಗ ಮಾತ್ರ ಲೆಕ್ಕ ಬದಲಾಗುತ್ತದೆ.

ಹುಲಿ ಹೋದ್ರೆ ಕಾಡೇ ಹೋಗುತ್ತೆ ಅಂತಾರಲ್ಲ, ನಿಜಾನಾ?

ಭಾಷಣಕ್ಕೆ ಚೆಂದ. ಶಕ್ತಿ ಕೆಳಗಿನಿಂದ ಮೇಲೆ ಹರಿಯುತ್ತದೆ. ಕೊನೆ ಭಾಗದ ಗದ್ದೆ ಒಣಗಿತು ಅಂತ ಅಣೆಕಟ್ಟೆ ಬತ್ತುವುದಿಲ್ಲ. ಶ್ರೀಲಂಕಾದಲ್ಲಿ ಹುಲಿ ಇಲ್ಲ, ಚಿರತೆಯೇ ದೊಡ್ಡ ಬೇಟೆಗಾರ. ಕಾಡು ಚೆನ್ನಾಗಿಯೇ ಇದೆ. ಹುಲಿ ಹೋದರೆ ಕಾಡು ಬದಲಾಗುತ್ತದೆ, ಮೇಯುವವರ ಸಂಖ್ಯೆ, ನಡವಳಿಕೆ ಬದಲಾಗುತ್ತವೆ. ಇನ್ನೊಂದು ದಿಕ್ಕಿನ ಮಾತು ಮಾತ್ರ ಖಂಡಿತ ನಿಜ: ಹುಲ್ಲು ಹೋದರೆ ಹುಲಿ ಹೋಗುತ್ತದೆ. ಕಬಿನಿ ಹಿನ್ನೀರು ಬೇಸಿಗೆಯಲ್ಲಿ ಇಳಿದು, ಆ ಒದ್ದೆ ನೆಲದಲ್ಲಿ ಹೊಸ ಹುಲ್ಲು ಬಂದಾಗ ಆನೆ, ಕಾಟಿ, ಜಿಂಕೆ ಅಲ್ಲಿಗೇ ಸೇರುತ್ತವೆ. ಅವುಗಳ ಹಿಂದೆಯೇ ಹುಲಿ. ಸಫಾರಿಗೆ ಬಂದವರೂ ಕ್ಯಾಮೆರಾ ಹಿಡಿದು ಅಲ್ಲೇ ಕಾಯುತ್ತಾರೆ.

ಸೂರ್ಯನೇ ಬೇಡ ಅನ್ನೋ ಜೀವಿಗಳು ಇವೆಯಾ?

ಇವೆ. 1977ರಲ್ಲಿ ಗಲಾಪಗೋಸ್ ಹತ್ತಿರ, ಸುಮಾರು ಎರಡೂವರೆ ಕಿಲೋಮೀಟರ್ ಆಳದಲ್ಲಿ, ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಇಳಿದವರಿಗೆ ಕಡಲ ತಳದ ಬಿಸಿ ಬುಗ್ಗೆಗಳ ಸುತ್ತ ಚಿಪ್ಪು, ಏಡಿ, ಹುಳುಗಳ ಸಂತೆಯೇ ಕಂಡಿತು. ಹೋಗಿದ್ದವರು ಕಲ್ಲು ಮಣ್ಣು ಓದಿದವರು. ತಂಡದಲ್ಲಿ ಜೀವಶಾಸ್ತ್ರದವರು ಒಬ್ಬರೂ ಇರಲಿಲ್ಲ. ಸಿಕ್ಕಿದ ಪ್ರಾಣಿಗಳನ್ನು ಕೆಡದಂತೆ ಇಡಲು ಔಷಧಿ ಸಾಲದೆ ವೋಡ್ಕಾದಲ್ಲಿ ಹಾಕಿಟ್ಟರು.

ಅಲ್ಲಿ ಬೆಳಕು ಚೂರೂ ಇಲ್ಲ. ಕೊಳೆತ ಮೊಟ್ಟೆಯ ವಾಸನೆ ಬರುವ ಹೈಡ್ರೋಜನ್ ಸಲ್ಫೈಡ್‌ನಿಂದ ಬ್ಯಾಕ್ಟೀರಿಯಾಗಳು ಶಕ್ತಿ ತೆಗೆದು ಸಕ್ಕರೆ ಮಾಡುತ್ತವೆ. ಅಲ್ಲಿರುವ ಉದ್ದನೆಯ ಕೊಳವೆ ಹುಳುವಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಆ ಬ್ಯಾಕ್ಟೀರಿಯಾಗಳನ್ನು ಮೈಯೊಳಗೇ ಸಾಕಿಕೊಂಡಿದೆ. ಆದರೆ ಒಂದು ತಕರಾರಿದೆ. ಸಲ್ಫೈಡನ್ನು ಹೀಗೆ ಉರಿಸಲು ಅವಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ಆ ಆಮ್ಲಜನಕ ಇಳಿದು ಬಂದದ್ದು ಮೇಲಿನಿಂದ, ಬಿಸಿಲು ಕುಡಿದ ಪಾಚಿ ಬಿಟ್ಟದ್ದು.